ಬೀದಿಯ ಕಸಕ್ಕೆ ಕೈಹಾಕುವ ಕಿರಿಯರಿಗೆ



ಬೀದಿಯ ಕಸದಲ್ಲಿ ಎರಡು ಬಗೆ. ಒಂದು ಚೆದುರಿದ ಕಸ: ಬೇಕರಿ ಮುಂದಿನ ಟೀ ಕಪ್ಪು, ಸಿಗರೇಟಿನ ತುಂಡು, ಗುಟ್ಕಾ ಪ್ಯಾಕೆಟ್ಟು, ಚಿಪ್ಸ್ ಕವರು, ನೀರಿನ ಬಾಟಲಿ. ಇದು ದಾರಿಯಲ್ಲಿ ನಿಂತವರು, ನಡೆದವರು ಬಿಟ್ಟುಹೋದದ್ದು. ಇನ್ನೊಂದು ರಾಶಿ ಕಸ: ಮನೆ, ಪಿಜಿ, ಅಂಗಡಿಗಳಿಂದ ಕವರಿಗೆ ಕಟ್ಟಿ ತಂದು ಮೂಲೆಯಲ್ಲಿ ಎಸೆದದ್ದು. ಪಾಲಿಕೆಯವರು ಇಂಥ ಜಾಗವನ್ನು ಬ್ಲ್ಯಾಕ್‌ಸ್ಪಾಟ್ ಎನ್ನುತ್ತಾರೆ. ಖಾಲಿ ನಿವೇಶನದ ಅಂಚು, ಟ್ರಾನ್ಸ್‌ಫಾರ್ಮರಿನ ಬುಡ, ಹಳೆಯ ಬಡಾವಣೆಗಳ ಮನೆ ಹಿಂಬದಿಯ ಕನ್ಸರ್ವೆನ್ಸಿ ಓಣಿ, ಮೆಟ್ರೊ ಕಂಬದ ಅಡಿ, ರಾಜಕಾಲುವೆಯ ತಡೆಗೋಡೆ ಇಂಥ ರಾಶಿಗಳಿಗೆ ಮೆಚ್ಚಿನ ತಾಣ. ಚೆದುರಿದ ಕಸ ಆಯ್ದರೆ ಕಡಿಮೆಯಾಗುತ್ತದೆ. ರಾಶಿ ಕಸ ಆಯ್ದಷ್ಟೂ ಮರುದಿನ ಮತ್ತೆ ಬೀಳುತ್ತದೆ. ಈ ವ್ಯತ್ಯಾಸ ತಿಳಿಯದೆ ಶುರುಮಾಡಿದವರು ಬೇಗ ಬೇಸತ್ತು ಕೈಬಿಡುತ್ತಾರೆ.

ಪಶ್ಚಿಮ ಬೆಂಗಳೂರಿನಲ್ಲಿ ಕಸ ಬಿದ್ದ ಕಡೆಯೇ ಉಳಿಯುವುದಿಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಬಹುಪಾಲು ಮಳೆನೀರು ವೃಷಭಾವತಿ ಕಣಿವೆಗೆ ಇಳಿಯುತ್ತದೆ. ನದಿ ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಬಳಿ ಸಾಗಿ, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿಗೆ, ಅರ್ಕಾವತಿಯಿಂದ ಕಾವೇರಿಗೆ. ಎತ್ತರದ ಬಡಾವಣೆಯ ಚರಂಡಿ ಬಾಯಲ್ಲಿ ಬಿದ್ದ ಕವರು ಒಂದು ಜೋರು ಮಳೆಗೆ ರಾಜಕಾಲುವೆ ಸೇರುತ್ತದೆ. ಆಮೇಲೆ ಅದನ್ನು ಎತ್ತಲು ಜೆಸಿಬಿಯೇ ಬೇಕು. ಬೀದಿಯಲ್ಲಿದ್ದಾಗ ಎರಡು ಬೆರಳು ಸಾಕಿತ್ತು. ಕಸ ಆಯುವ ಕೆಲಸದ ನಿಜವಾದ ಲಾಭ ಇರುವುದು ಇಲ್ಲಿ. ಬೀದಿ ಚೆಂದ ಕಾಣುವುದು ಅದರ ಜೊತೆಗೆ ಬರುವ ಫಲ.

ಊರಿನ ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೊಸಬರು ತಿಳಿದಿರಬೇಕು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ 2000ದಲ್ಲಿ ದೇಶಕ್ಕೆ ನಗರ ಘನತ್ಯಾಜ್ಯದ ನಿಯಮಗಳು ಬಂದವು. ಆದರೂ ನಗರದ ಕಸ ಹಳ್ಳಿಗಳ ಅಂಚಿನಲ್ಲಿ ಗುಡ್ಡವಾಗುವುದು ನಿಲ್ಲಲಿಲ್ಲ. ಗ್ರಾಮಸ್ಥರ ಪ್ರತಿಭಟನೆಯ ನಂತರ 2012ರಲ್ಲಿ ಮಾವಳ್ಳಿಪುರದ, 2014ರ ಕೊನೆಯಲ್ಲಿ ಮಂಡೂರಿನ ಕಸ ಸುರಿಯುವ ತಾಣಗಳು ಮುಚ್ಚಿದವು. 2012ರಲ್ಲಿ ಬೀದಿ ಬೀದಿಯಲ್ಲಿ ಕಸ ಕೊಳೆತು ನಾರಿದ ದಿನಗಳನ್ನು ಅಂದು ಇಲ್ಲಿದ್ದವರು ಮರೆತಿಲ್ಲ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಸ್ಯಾನಿಟರಿ ಮೊದಲಾದ ಕಸ, ಚೀಲಕ್ಕೆ ಒಣ ಕಸ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಶ್ಚಿಮ ಸೇರಿದಂತೆ ಐದು ನಗರ ಪಾಲಿಕೆಗಳು ಬಂದವು. ಆಡಳಿತದ ಹೆಸರು ಬದಲಾದರೂ ಕಸ ಬೇರ್ಪಡಿಸುವ ತತ್ವ ಉಳಿದಿದೆ. ಬೀದಿಯಲ್ಲಿ ಆಯ್ದ ಕಸಕ್ಕೂ ಅದು ಅನ್ವಯಿಸುತ್ತದೆ. ಬೇರ್ಪಡಿಸದೆ ಒಂದೇ ಚೀಲಕ್ಕೆ ತುಂಬಿದರೆ ಈ ಬೀದಿಯ ತೊಂದರೆ ಮಾಗಡಿ ರಸ್ತೆಯಾಚೆಯ ಸೀಗೆಹಳ್ಳಿಗೋ ಕನ್ನಹಳ್ಳಿಗೋ ವರ್ಗವಾಗುತ್ತದೆ, ಅಷ್ಟೆ. ಅಲ್ಲಿ ಹಸಿ ಕಸವನ್ನು ಗೊಬ್ಬರ ಮಾಡಲೆಂದು ಕಟ್ಟಿದ ಘಟಕಗಳ ಸುತ್ತಲಿನ ಜನ ದುರ್ವಾಸನೆಯ ವಿರುದ್ಧ ಬೀದಿಗಿಳಿದದ್ದಕ್ಕೆ ಬೆರಕೆ ಕಸವೂ ಒಂದು ಕಾರಣ.

ಆರಂಭಕ್ಕೆ ಇಡೀ ಬಡಾವಣೆ ಬೇಡ. ಒಂದು ಅಡ್ಡರಸ್ತೆಯ ತುಂಡು, ಒಂದು ಬಸ್ ನಿಲ್ದಾಣದ ಆಜುಬಾಜು ಅಥವಾ ಒಂದು ಪಾರ್ಕಿನ ಹೊರಗೋಡೆ ಸಾಕು. ಮನೆಗೆ ಹತ್ತಿರವಿರಬೇಕು, ದಿನವೂ ಓಡಾಡುವ ದಾರಿಯಾಗಿರಬೇಕು, ವಾಹನದ ಭರಾಟೆ ಕಡಿಮೆ ಇರಬೇಕು. ಮಾಗಡಿ ರಸ್ತೆ, ಮೈಸೂರು ರಸ್ತೆ, ಕಾರ್ಡ್ ರಸ್ತೆಗಳ ವಿಭಜಕದ ಮೇಲೆ ಹೊಸಬರು ಹತ್ತುವುದು ತರವಲ್ಲ. ಜಾಗ ಆರಿಸಿದ ಮೇಲೆ ಮೊದಲ ವಾರ ಕಸ ಮುಟ್ಟದೆ ನೋಡುವುದೇ ಕೆಲಸ. ಯಾವ ಹೊತ್ತಿಗೆ ಯಾವ ಕಸ ಬೀಳುತ್ತದೆ, ಕಸ ಒಯ್ಯುವ ಆಟೊ ಟಿಪ್ಪರು ಎಷ್ಟು ಗಂಟೆಗೆ ಬರುತ್ತದೆ, ಕವರು ಹರಿಯುವುದು ನಾಯಿಯೋ ದನವೋ, ಹತ್ತಿರದ ಅಂಗಡಿಯಲ್ಲಿ ಕಸದ ಬುಟ್ಟಿ ಇದೆಯೋ ಇಲ್ಲವೋ ಎಂಬುದು ಆ ವಾರದಲ್ಲಿ ತಿಳಿಯುತ್ತದೆ.

ಸಲಕರಣೆಗೆ ಹೆಚ್ಚು ಖರ್ಚಿಲ್ಲ. ದಪ್ಪ ರಬ್ಬರ್ ಕೈಗವಸು, ಬೆರಳು ಮುಚ್ಚುವ ಗಟ್ಟಿ ಶೂ, ಉದ್ದ ಹಿಡಿಯ ಇಕ್ಕಳ, ಕಡ್ಡಿಪೊರಕೆ, ಮೊರ ಅಥವಾ ಬಾಂಡ್ಲಿ, ಮೂರು ಖಾಲಿ ಅಕ್ಕಿ ಚೀಲ. ಕಸ ಆಯಲು ಹೊಸ ಪ್ಲಾಸ್ಟಿಕ್ ಕವರು ಕೊಳ್ಳುವುದರಲ್ಲಿ ಅರ್ಥವಿಲ್ಲ. ತೊಳೆದು ಮತ್ತೆ ಬಳಸಬಹುದಾದ ಚೀಲವೇ ಒಳ್ಳೆಯದು. ಟಿಟಿ ಚುಚ್ಚುಮದ್ದು ಹಾಕಿಸಿ ಬಹಳ ವರ್ಷವಾಗಿದ್ದರೆ ವೈದ್ಯರನ್ನು ಒಮ್ಮೆ ಕೇಳುವುದು ಲೇಸು.

ಕೆಲವನ್ನು ಹೊಸಬರು ಮುಟ್ಟಲೇಬಾರದು. ಸಿರಿಂಜು, ಬ್ಯಾಂಡೇಜು, ಸತ್ತ ಪ್ರಾಣಿ ಕಂಡರೆ ಪಾಲಿಕೆಗೆ ತಿಳಿಸಬೇಕು. ಸಹಾಯವಾಣಿ ಸಂಖ್ಯೆ 1533. ಟ್ರಾನ್ಸ್‌ಫಾರ್ಮರಿನ ಬೇಲಿಯೊಳಗೆ ಕೈ ಹಾಕುವುದು ಜೀವಕ್ಕೆ ಅಪಾಯ. ಅಲ್ಲಿನ ರಾಶಿಗೆ ಬೆಸ್ಕಾಂ ಸಿಬ್ಬಂದಿಯೇ ಬರಬೇಕು. ರಾಜಕಾಲುವೆಗೆ ಇಳಿಯುವುದು ಬೇಸಿಗೆಯಲ್ಲೂ ಬೇಡ. ಒಡೆದ ಗಾಜನ್ನು ಇಕ್ಕಳದಲ್ಲಿ ಎತ್ತಿ, ರಟ್ಟಿನ ಡಬ್ಬಿಗೆ ಹಾಕಿ, ಪೌರಕಾರ್ಮಿಕರಿಗೆ ಹೇಳಿಯೇ ಕೊಡಬೇಕು. ಹೇಳದೆ ಕೊಟ್ಟ ಗಾಜು ಮುಂದೆ ಯಾರದೋ ಅಂಗೈ ಸೀಳುತ್ತದೆ. ಮನೆ ಕೆಡವಿದ ಇಟ್ಟಿಗೆ, ಟೈಲ್ಸ್ ಚೂರುಗಳನ್ನು ಆಟೊ ಟಿಪ್ಪರು ಒಯ್ಯುವುದಿಲ್ಲ. ಅದು ಬೇರೆಯೇ ಲಾರಿಯ ಕೆಲಸ.

ಕೈಹಾಕುವ ಮೊದಲು ಆ ಬೀದಿಯ ಪೌರಕಾರ್ಮಿಕರನ್ನೂ ಅವರ ಮೇಸ್ತ್ರಿಯನ್ನೂ ಮಾತಾಡಿಸುವುದು ಮರ್ಯಾದೆ, ಜಾಣತನವೂ ಹೌದು. ಬೆಳಗಾಗುವಷ್ಟರಲ್ಲಿ ಬೀದಿಗೆ ಬರುವ ಅವರಿಗೆ ಪ್ರತಿ ಮೂಲೆಯ ಚರಿತ್ರೆ ಗೊತ್ತು. “ಅಕ್ಕ, ಇಲ್ಲಿ ಯಾವಾಗ ಬಂದು ಹಾಕ್ತಾರೆ?” ಎಂದರೆ ವಾರದ ವೀಕ್ಷಣೆಯಲ್ಲಿ ಕಾಣದ್ದೂ ತಿಳಿಯುತ್ತದೆ. ಆಯ್ದ ಕಸವನ್ನು ಯಾವ ಗಾಡಿಗೆ, ಎಷ್ಟು ಗಂಟೆಗೆ ಕೊಡಬೇಕೆಂಬುದನ್ನು ಆಗಲೇ ಗೊತ್ತುಮಾಡಿಕೊಳ್ಳಬೇಕು. ಚೀಲ ಕಟ್ಟಿ ಕಂಬದ ಬುಡದಲ್ಲಿಟ್ಟು ಮನೆಗೆ ಹೋದರೆ ಮಧ್ಯಾಹ್ನದೊಳಗೆ ಅದರ ಪಕ್ಕ ಇನ್ನಾರೋ ಎರಡು ಕವರು ಇಟ್ಟಿರುತ್ತಾರೆ. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಬ್ಲ್ಯಾಕ್‌ಸ್ಪಾಟುಗಳೂ ಈ ಊರಿನಲ್ಲಿವೆ. ಆದ್ದರಿಂದ ಗಾಡಿ ಬರುವ ಮುಕ್ಕಾಲು ಗಂಟೆ ಮೊದಲು ಶುರುಮಾಡಿ, ಗಾಡಿಗೆ ಕೈಯಾರೆ ಕೊಟ್ಟು ಮುಗಿಸುವುದು ಸರಿಯಾದ ಕ್ರಮ.

ಆಯುವಾಗಲೇ ಬೇರ್ಪಡಿಸುವುದು ಸುಲಭ. ಮೊದಲ ಚೀಲಕ್ಕೆ ಬಾಟಲಿ, ಹಾಲಿನ ಕವರು, ರಟ್ಟು, ತಗಡಿನ ಡಬ್ಬಿ. ಇವಕ್ಕೆ ಗುಜರಿಯಲ್ಲಿ ಬೆಲೆಯಿದೆ. ಎರಡನೆಯದಕ್ಕೆ ಚಿಪ್ಸ್ ಕವರು, ಗುಟ್ಕಾ ಪ್ಯಾಕೆಟ್ಟು, ಥರ್ಮೋಕೋಲ್. ಇವನ್ನು ಗುಜರಿಯವರು ಕೊಳ್ಳುವುದಿಲ್ಲ. ಆದರೆ ಒಣ ಕಸವಾದ್ದರಿಂದ ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ಹೋಗಬೇಕು. ಮೂರನೆಯದಕ್ಕೆ ಡೈಪರು, ಪ್ಯಾಡು, ಸಾಂಬಾರು ಮೆತ್ತಿದ ಪಾರ್ಸಲ್ ಕವರು. ಡೈಪರು, ಪ್ಯಾಡುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕುವ ರೂಢಿ ನಗರದಲ್ಲಿದೆ. ಎತ್ತುವವರಿಗೆ ಒಳಗೇನಿದೆ ಎಂದು ಬಿಚ್ಚದೆ ತಿಳಿಯಲೆಂದು ಈ ಏರ್ಪಾಟು.

ಇಲ್ಲೊಂದು ವಿವೇಕ ಬೇಕು. ಬಾಟಲಿ, ರಟ್ಟು ಆಯ್ದು ಬದುಕುವವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. 2011ರಿಂದ ಬೆಂಗಳೂರಿನಲ್ಲಿ ಅವರಲ್ಲಿ ಅನೇಕರಿಗೆ ಪಾಲಿಕೆಯ ಗುರುತಿನ ಚೀಟಿ ದೊರೆತಿದೆ. ‘ಹಸಿರು ದಳ’ ಸಂಸ್ಥೆಯ ಬೆಂಬಲದಿಂದ ಕೆಲವರು ಒಣ ತ್ಯಾಜ್ಯ ಕೇಂದ್ರಗಳನ್ನೇ ನಡೆಸುತ್ತಿದ್ದಾರೆ. ಬೆಲೆಯಿರುವ ಚೀಲವನ್ನು ಆ ಬೀದಿಯಲ್ಲಿ ಆಯುವವರಿಗೆ ಬಿಟ್ಟುಕೊಡುವುದು ನ್ಯಾಯ. ಹವ್ಯಾಸಕ್ಕೆ ಬಂದವರು ಹೊಟ್ಟೆಪಾಡಿಗೆ ಬಂದವರ ಸಂಪಾದನೆ ಕಸಿಯಬಾರದು.

ರಾಶಿ ಕಸದ ಜಾಗಕ್ಕೆ ಬೇರೆ ದಾರಿಯಿದೆ. ‘ದಿ ಅಗ್ಲಿ ಇಂಡಿಯನ್’ ಎಂಬ, ಹೆಸರು ಮುಖ ತೋರಿಸದ ಬೆಂಗಳೂರಿನ ತಂಡ 2010ರಲ್ಲಿ ಚರ್ಚ್ ಸ್ಟ್ರೀಟಿನಿಂದ ಶುರುಮಾಡಿ ಅದನ್ನು ರೂಢಿಗೆ ತಂದಿತು. ಬಾಯಿ ಮುಚ್ಚಿ ಕೆಲಸ ನಡೆಸು ಎಂಬುದು ಅವರ ಹಿಂದಿ ಘೋಷವಾಕ್ಯದ ತಿರುಳು. ಅವರ ‘ಸ್ಪಾಟ್ ಫಿಕ್ಸ್’ ಹೀಗೆ ನಡೆಯುತ್ತದೆ: ಜಾಗವನ್ನು ಕೆಲವು ದಿನ ಗಮನಿಸುವುದು, ಒಂದು ಬೆಳಗ್ಗೆ ಪೂರ್ತಿ ತೆರವು ಮಾಡುವುದು, ಮುರಿದ ಕಲ್ಲು ಚಪ್ಪಡಿ ಸರಿಪಡಿಸುವುದು, ಗೋಡೆಗೆ ಬಣ್ಣ ಬಳಿದು ಗಿಡದ ಕುಂಡ ಇಡುವುದು, ನಂತರ ಕಾಯುವುದು. ಈಗಾಗಲೇ ಕಸವಿರುವ ಕಡೆ ಇನ್ನೊಂದು ಕವರು ಎಸೆಯಲು ಯಾರಿಗೂ ಅಳುಕಿಲ್ಲ. ಬಣ್ಣ ಬಳಿದ, ರಂಗೋಲಿ ಇಟ್ಟ ಜಾಗಕ್ಕೆ ಎಸೆಯಲು ಕೈ ಹಿಂಜರಿಯುತ್ತದೆ. ಈ ಉಪಾಯದ ಬಲವೆಲ್ಲ ಅಷ್ಟರಲ್ಲಿದೆ.

ಆದರೆ ಬಣ್ಣವೊಂದೇ ಸಾಲದು. ಎಸೆಯುವವರು ಏಕೆ ಎಸೆಯುತ್ತಾರೆ ಎಂಬುದಕ್ಕೆ ಉತ್ತರ ಸಿಗಬೇಕು. ವಿಜಯನಗರದಂಥ ಕಡೆ ಪಿಜಿಗಳಲ್ಲಿ ಇರುವವರು, ಗಂಡಹೆಂಡತಿ ಇಬ್ಬರೂ ಬೇಗ ಕೆಲಸಕ್ಕೆ ಹೊರಡುವ ಮನೆಯವರು ಗಾಡಿ ಬರುವ ಹೊತ್ತಿಗೆ ಬಾಗಿಲಲ್ಲಿ ಇರುವುದಿಲ್ಲ. ರಾತ್ರಿ ಸ್ಕೂಟರಿನಲ್ಲಿ ಹೋಗುತ್ತ ಕವರು ಎಸೆಯುವವರಲ್ಲಿ ಇಂಥವರೇ ಬಹಳ. ಮೇಸ್ತ್ರಿಯೊಂದಿಗೆ ಮಾತಾಡಿ ಗಾಡಿಯ ಹೊತ್ತು ಬದಲಿಸುವುದು, ಪಿಜಿ ಮಾಲೀಕರು ಗೇಟಿನೊಳಗೆ ಮೂರು ಡ್ರಮ್ಮು ಇಡುವಂತೆ ಒಪ್ಪಿಸುವುದು, ನೆರೆಮನೆಯವರು ಬುಟ್ಟಿ ಎತ್ತಿ ಕೊಡುವ ಹೊಂದಾಣಿಕೆ ಮಾಡುವುದು ಗೋಡೆ ಬಣ್ಣಕ್ಕಿಂತ ಹೆಚ್ಚು ದಿನ ಉಳಿಯುವ ಪರಿಹಾರ. ಟೀ ಅಂಗಡಿಯ ಮಾತೂ ಹಾಗೆಯೇ. ಒಂದು ಬುಟ್ಟಿ ಇಟ್ಟು, ತುಂಬಿದಾಗ ಖಾಲಿ ಮಾಡುವ ಹೊಣೆ ಅಂಗಡಿಯವರು ಹೊತ್ತರೆ ಕಾಗದದ ಕಪ್ಪುಗಳ ಕಾಟ ಬಹುಪಾಲು ಮುಗಿಯುತ್ತದೆ. ಗಾಜಿನ ಲೋಟಕ್ಕೆ ಮರಳಿದರೆ ಪೂರ್ತಿ ಮುಗಿಯುತ್ತದೆ.

ಎಸೆಯುವವರ ಜೊತೆ ಜಗಳ ಬೇಡ. 2025ರ ಅಕ್ಟೋಬರಿನಲ್ಲಿ ಬೀದಿಗೆ ಎಸೆದವರ ಮನೆ ಮುಂದೆಯೇ ಕಸ ತಂದು ಸುರಿಯುವ ಕ್ರಮವನ್ನು ಅಧಿಕಾರಿಗಳು ಕೈಗೊಂಡರು. ಅದರ ಪರ, ವಿರೋಧ ಎರಡೂ ಮಾತು ಕೇಳಿಬಂತು. ದಂಡ ಹಾಕುವುದು, ಪತ್ತೆ ಹಚ್ಚುವುದು ಕಾನೂನು ಕೈಯಲ್ಲಿರುವವರ ಕೆಲಸ. ಸ್ವಯಂಸೇವಕರು ಮೊಬೈಲು ಹಿಡಿದು ನಿಂತರೆ ಬೀದಿಯ ಜನ ಎರಡು ಬಣವಾಗುತ್ತಾರೆ, ಕಸ ಪಕ್ಕದ ಬೀದಿಗೆ ಹೋಗುತ್ತದೆ.

ಒಬ್ಬರೇ ಶುರುಮಾಡಬಹುದು, ಒಬ್ಬರೇ ಬಹುಕಾಲ ನಡೆಸುವುದು ಕಷ್ಟ. ಎರಡು ಮೂರು ಮಂದಿ ಸೇರಿದರೆ ಊರಿಗೆ ಹೋದವರ ಸರದಿಯನ್ನು ಉಳಿದವರು ನೋಡಿಕೊಳ್ಳಬಹುದು. ಮಂಗಳೂರಿನ ರಾಮಕೃಷ್ಣ ಮಿಷನ್ 2015ರಲ್ಲಿ ಆರಂಭಿಸಿದ ‘ಸ್ವಚ್ಛ ಮಂಗಳೂರು’ ಅಭಿಯಾನದಲ್ಲಿ ಭಾನುವಾರ ಭಾನುವಾರ ಶ್ರಮದಾನ ನಡೆಯಿತು. ವರ್ಷಕ್ಕೊಮ್ಮೆ ಅಕ್ಟೋಬರ್ 2ರಂದು ಪೊರಕೆ ಹಿಡಿದು ಫೋಟೊ ತೆಗೆಸಿಕೊಳ್ಳುವುದಕ್ಕೂ ವಾರವಾರ ಗೊತ್ತಾದ ಹೊತ್ತಿಗೆ ಬರುವುದಕ್ಕೂ ಇರುವ ಅಂತರ ಅಲ್ಲಿ ಕಾಣುತ್ತದೆ. ಮಕ್ಕಳು ಬಂದರೆ ಪಾರ್ಕಿನೊಳಗಿನ ಚೆದುರಿದ ಕಸವನ್ನಷ್ಟೇ ಅವರಿಗೆ ಬಿಡಬೇಕು.

ವರ್ಷದ ಕೆಲವು ದಿನಗಳಿಗೆ ಮುಂಚಿತವಾಗಿ ಸಿದ್ಧರಾಗಬೇಕಾಗುತ್ತದೆ. ಮುಂಗಾರು ಮಳೆಗೆ ಮೊದಲು ಚರಂಡಿಯ ಜಾಲರಿ ಮೇಲಿನ ಎಲೆ, ಕವರು ತೆಗೆದರೆ ಮಳೆಗಾಲದ ಅರ್ಧ ಕೆಲಸ ಮುಗಿದಂತೆ. ಗಣೇಶನ ಹಬ್ಬದಲ್ಲಿ ಪೆಂಡಾಲಿನ ಹುಡುಗರಿಗೆ ಊಟದ ತಟ್ಟೆಯ ಲೆಕ್ಕವನ್ನು ಮೊದಲೇ ನೆನಪಿಸಬೇಕು. ಥರ್ಮೋಕೋಲ್ ಅಲಂಕಾರ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಆಯುಧಪೂಜೆಯ ಮರುದಿನ ಕಾಮಾಕ್ಷಿಪಾಳ್ಯದ ಕಾರ್ಖಾನೆಗಳಿಂದ ಮನೆ ಬಾಗಿಲವರೆಗೆ ಬಾಳೆಕಂದು, ಬೂದುಗುಂಬಳದ ರಾಶಿ. ಒಡೆದ ಕುಂಬಳದ ಮೇಲೆ ದ್ವಿಚಕ್ರ ವಾಹನ ಜಾರುತ್ತದೆ. ಅದನ್ನು ಅಂದೇ ರಸ್ತೆಯಿಂದ ಬದಿಗೆ ಸರಿಸುವುದು ಕಸದ ಮಾತಿಗಿಂತ ಮೊದಲು ಸುರಕ್ಷತೆಯ ಮಾತು. ಬಾಳೆಕಂದನ್ನು ಚಿಕ್ಕದಾಗಿ ಕತ್ತರಿಸಿ ಹಸಿ ಕಸದ ಗಾಡಿಗೆ ಕೊಡಬೇಕು.

ಬೇಸಿಗೆಗೆ ಮೊದಲು ಉದುರುವ ತರಗೆಲೆಗೆ ಬೆಂಕಿ ಹಚ್ಚುವ ಚಾಳಿ ಇನ್ನೂ ಇದೆ. ಬಯಲಿನಲ್ಲಿ ಕಸ ಸುಡುವುದಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ವಿಧಿಸಿದೆ. ಆ ತೀರ್ಪು ಬಂದದ್ದೂ ಅಲ್ಮಿತ್ರಾ ಪಟೇಲರ ಮೊಕದ್ದಮೆಯಲ್ಲೇ. ಎಲೆಯನ್ನು ಪಾರ್ಕಿನ ಮೂಲೆಯಲ್ಲಿ ತಂತಿಬಲೆಯ ಗೂಡಿಗೆ ತುಂಬಿ ಆಗಾಗ ನೀರು ಚಿಮುಕಿಸಿದರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ.

ಕೆಲಸ ಸಾಗುತ್ತಿದೆಯೇ ಎಂದು ತಿಳಿಯಲು ಆಯ್ದ ಚೀಲಗಳನ್ನು ಎಣಿಸುವುದು ದಾರಿ ತಪ್ಪಿಸುತ್ತದೆ. ಹೆಚ್ಚು ಚೀಲವೆಂದರೆ ಹೆಚ್ಚು ಕಸ ಬೀಳುತ್ತಿದೆ ಎಂದೇ ಅರ್ಥ. ಒಂದೇ ಜಾಗ, ಒಂದೇ ಹೊತ್ತು, ಏನೇನು ಎಷ್ಟು ಬಿದ್ದಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮೂರು ತಿಂಗಳಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಕಪ್ಪುಗಳೇ ಹೆಚ್ಚಾದರೆ ಅಂಗಡಿಯೊಂದಿಗೆ, ಮನೆಯ ಕವರುಗಳೇ ಹೆಚ್ಚಾದರೆ ಗಾಡಿಯ ಹೊತ್ತಿನ ಬಗ್ಗೆ ಮೇಸ್ತ್ರಿಯೊಂದಿಗೆ, ಇಟ್ಟಿಗೆ ಚೂರು ಹೆಚ್ಚಾದರೆ ಪಾಲಿಕೆ ಕಚೇರಿಯಲ್ಲಿ ಮಾತಾಡಬೇಕು. ವಿವರ ಕೈಯಲ್ಲಿದ್ದಾಗ ಅಧಿಕಾರಿಗಳೂ ಕಿವಿಗೊಡುತ್ತಾರೆ. ಚೀಲ ತುಂಬುವುದು ಕಡಿಮೆಯಾಗಿ, ಆ ಹೊತ್ತಿನಲ್ಲಿ ಆಯಲು ಹೆಚ್ಚೇನೂ ಉಳಿಯದಿದ್ದಾಗ ಮುಂದಿನ ಅಡ್ಡರಸ್ತೆಗೆ ಕೈಹಾಕಬಹುದು. ಅಲ್ಲಿಯತನಕ ಹಿಡಿದ ತುಂಡನ್ನು ಬಿಡಬಾರದು.

ಇಂತಿ,
ಪಶ್ಚಿಮ ಬೆಂಗಳೂರಿನ ಹಿರಿಯ ನಿವಾಸಿ