ಕಾತ್ಯಾಯನಿ ಮತ್ತು ಓದುಗನ ಅಪ್ರೀತಿ: ‘ವಂಶವೃಕ್ಷ’ದ ಒಂದು ಪಾತ್ರವಿಚಾರ

ಕಾದಂಬರಿಯ ಪಾತ್ರವೊಂದು ಓದುಗನಿಗೆ ಹಿಡಿಸದೆ ಹೋಗುವುದು ಸಾಮಾನ್ಯ ಸಂಗತಿ. ಆದರೆ ಹಿಡಿಸದಿರುವುದು ಬೇರೆ, ಆ ಪಾತ್ರ ಅಪ್ರೀತಿಗೆ ಅರ್ಹವೆಂದು ತೀರ್ಪು ಕೊಡುವುದು ಬೇರೆ. ಮೊದಲನೆಯದು ಅಭಿರುಚಿಗೆ ಸಂಬಂಧಿಸಿದ್ದು. ಎರಡನೆಯದಕ್ಕೆ ಆಧಾರ ಬೇಕು. ಪಾತ್ರ ಹೆಣ್ಣಾದಾಗ, ಅದರಲ್ಲಿಯೂ ಅವಳು ತಾಯಿಯಾದಾಗ, ಈ ಎರಡರ ನಡುವಣ ಅಂತರ ಎಷ್ಟು ಬೇಗ ಅಳಿಸಿಹೋಗುತ್ತದೆ ಎಂಬುದಕ್ಕೆ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ದ (1965) ಕಾತ್ಯಾಯನಿಗಿಂತ ಉತ್ತಮ ನಿದರ್ಶನ ಕನ್ನಡದಲ್ಲಿ ದೊರೆಯುವುದು ಕಷ್ಟ.

ಕನ್ನಡಕ್ಕೆ ಈ ಸಮಸ್ಯೆ ಹೊಸದೇನಲ್ಲ. 1209ರಲ್ಲಿ ಜನ್ನ ರಚಿಸಿದ ‘ಯಶೋಧರ ಚರಿತೆ’ಯ ಅಮೃತಮತಿ ಗಂಡನನ್ನೂ ಅತ್ತೆಯನ್ನೂ ವಿಷವಿಕ್ಕಿ ಕೊಂದವಳು. ಅವಳ ವಿಷಯದಲ್ಲಿ ಕಾವ್ಯದ ಧರ್ಮೋದ್ದೇಶ ಸ್ಪಷ್ಟವಾಗಿಯೇ ಇದೆ. ಆದರೂ ಇರುಳಿನಲ್ಲಿ ಕೇಳಿಬಂದ ಮಾವುತನ ಹಾಡಿಗೆ ಅವಳು ಸೋಲುವ ಭಾಗದಲ್ಲಿ ಜನ್ನನ ಕವಿತ್ವ ಅವನ ಧರ್ಮೋಪದೇಶಕ್ಕಿಂತ ಒಂದು ಹೆಜ್ಜೆ ಮುಂದೆ ನಡೆದಿದೆ. ಏಳುನೂರು ವರ್ಷಗಳಿಗೂ ಮಿಗಿಲಾದ ಕಾಲ ಕಳೆದ ಮೇಲೆ ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಅದೇ ಕಥೆಯನ್ನು ಮತ್ತೆ ಕೈಗೆತ್ತಿಕೊಂಡುದು ಆ ರಾಣಿಯ ಬಗೆಗಿನ ತೀರ್ಪು ಎಂದೂ ಮುಗಿದಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಕಾತ್ಯಾಯನಿ ಕೊಲೆಗಾತಿಯಲ್ಲ. ಅವಳು ಮಾಡಿದ್ದಿಷ್ಟು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರ ಸೊಸೆಯಾದ ಅವಳು, ಗಂಡ ನಂಜುಂಡ ಕಪಿಲಾ ನದಿಯ ಪಾಲಾದ ಮೇಲೆ ಮೈಸೂರಿಗೆ ಹೋಗಿ ಕಾಲೇಜಿನ ಓದನ್ನು ಮುಂದುವರಿಸಿದಳು. ಅಲ್ಲಿ ಅಧ್ಯಾಪಕ ರಾಜನನ್ನು ಪ್ರೀತಿಸಿ ಮದುವೆಯಾದಳು. ಮಗ ಚೀನಿಯನ್ನು ಮಾವನ ಮನೆಯಲ್ಲಿ ಬಿಟ್ಟಳು. ಅನಂತರ ಅವಳ ಗರ್ಭ ಮತ್ತೆ ಮತ್ತೆ ನಿಲ್ಲದೆ ಹೋಯಿತು. ಬೆಳೆದ ಮಗ ಅವಳು ಪಾಠ ಹೇಳುವ ಕಾಲೇಜಿಗೇ ವಿದ್ಯಾರ್ಥಿಯಾಗಿ ಬಂದರೂ ಅವಳನ್ನು ತಾಯಿಯೆಂದು ಒಪ್ಪಲಿಲ್ಲ. ಕೊರಗಿ ಸೊರಗಿ ಅವಳು ತೀರಿಕೊಂಡಳು.

ಈ ಪಾತ್ರವನ್ನು ಕುರಿತು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ತೀರ್ಪುಗಳು ಕಾಣುತ್ತವೆ. ಕುಲಧರ್ಮವನ್ನು ಮೀರಿದವಳು ತಕ್ಕ ಫಲ ಉಂಡಳು ಎಂಬುದು ಒಂದು. ಸಂಪ್ರದಾಯದ ಕ್ರೌರ್ಯಕ್ಕೆ ಬಲಿಯಾದ ನಿರಪರಾಧಿ ಎಂಬುದು ಇನ್ನೊಂದು. ಮೇಲುನೋಟಕ್ಕೆ ಪರಸ್ಪರ ವಿರುದ್ಧವಾದರೂ ಇವೆರಡೂ ಕೃತಿಯನ್ನು ಓದುವ ಶ್ರಮವನ್ನು ತಪ್ಪಿಸಿಕೊಂಡ ಮಾತುಗಳೇ. ಎರಡನೆಯದು ಕೇಳಲು ಉದಾರವಾಗಿದೆ. ಆದರೆ ಶ್ರೋತ್ರಿಯರ ಮನೆಯಲ್ಲಿ ಕ್ರೌರ್ಯವೆಲ್ಲಿದೆ?

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಿಂದ (1899) ಮೊದಲ್ಗೊಂಡು ಸುಧಾರಣಾವಾದಿ ಕಾದಂಬರಿ ವಿಧವೆಯ ಪರವಾಗಿ ಓದುಗನ ಸಹಾನುಭೂತಿಯನ್ನು ಗಳಿಸಿದ ಬಗೆ ಸರಳವಾದದ್ದು: ಅವಳ ಸುತ್ತ ದುಷ್ಟರನ್ನೂ ಕಪಟಿಗಳನ್ನೂ ನಿಲ್ಲಿಸಿ, ಅವಳನ್ನು ಕಳಂಕವಿಲ್ಲದವಳನ್ನಾಗಿ ಉಳಿಸುವುದು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದ ಮಾರ್ಗ ಬೇರೆ, ಆದರೆ ಅಲ್ಲಿಯೂ ವಿಧವೆ ಏನನ್ನೂ ಬೇಡದವಳು, ಆದ್ದರಿಂದಲೇ ಪೂಜ್ಯಳು. ಕಾತ್ಯಾಯನಿಗೆ ಈ ಎರಡು ಆಸರೆಗಳೂ ಇಲ್ಲ. ಅವಳ ಮಾವ ಸಜ್ಜನ, ವಿದ್ವಾಂಸ. ಅವಳ ಓದಿಗೆ ಅಡ್ಡಿಯಾಗಿ ನಿಂತವರಲ್ಲ. ಅವಳು ಹಿಂಸೆಯಿಂದ ಪಾರಾಗಲು ಓಡಿದವಳಲ್ಲ. ಬದುಕು ಬೇಕೆಂದು ಹೊರಟವಳು. ಮನೆಯವರ ದುಷ್ಟತನವೆಂಬ ನೆಪವನ್ನು ಭೈರಪ್ಪನವರು ಅವಳಿಂದ ಕಿತ್ತುಕೊಂಡಿದ್ದಾರೆ. ಓದುಗ ಮುಖ ಸಿಂಡರಿಸುವುದು ಇಲ್ಲಿಯೇ. ನೊಂದ ಹೆಣ್ಣಿಗೆ ಮರುಗುವ ಮನಸ್ಸು ಬಯಸಿದ ಹೆಣ್ಣಿನ ಎದುರು ಬಿಗಿದುಕೊಳ್ಳುತ್ತದೆ.

ಹೀಗೆ ಬಿಗಿದುಕೊಂಡ ಮನಸ್ಸಿನ ಬಗ್ಗೆ ನಮ್ಮ ಕಾವ್ಯಮೀಮಾಂಸೆ ಮೌನವಾಗಿಲ್ಲ. ಅಭಿನವಗುಪ್ತ ಹೇಳುವ ರಸವಿಘ್ನಗಳಲ್ಲಿ ನಿಜಸುಖಾದಿವಿವಶೀಭಾವವೂ ಒಂದು. ಸಹೃದಯ ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿ ಕುಳಿತರೆ ಕಾವ್ಯ ಅವನನ್ನು ಮುಟ್ಟಲಾರದು. ತನ್ನ ಮನೆಯ ಸೊಸೆ ಹೀಗೆ ಮಾಡಿದ್ದರೆ ಎಂದು ಯೋಚಿಸುತ್ತ ಓದುವವನಿಗೆ ಕಾಣುವುದು ಕಾತ್ಯಾಯನಿಯಲ್ಲ, ಅವನ ಮನೆಯ ಪಡಸಾಲೆ. ಹಾಗೆಂದು ವೈಯಕ್ತಿಕ ಪ್ರತಿಕ್ರಿಯೆಯನ್ನೆಲ್ಲ ತೊಳೆದುಹಾಕಿ ಓದಬೇಕೆಂದರ್ಥವಲ್ಲ. ಅದು ಸಾಧ್ಯವೂ ಅಲ್ಲ. ಅದೇ ಅಳತೆಗೋಲನ್ನು ಕೃತಿಯ ಇತರ ಪಾತ್ರಗಳಿಗೂ ಹಿಡಿದು ನೋಡಬಹುದು.

ಹಾಗೆ ಹಿಡಿದಾಗ ಮೊದಲು ಎದುರಾಗುವವರು ರಾಜನ ಅಣ್ಣ ಸದಾಶಿವರಾಯರು. ಭಾರತೀಯ ಸಂಸ್ಕೃತಿಯ ಇತಿಹಾಸವನ್ನು ಸಂಪುಟಗಳಲ್ಲಿ ಬರೆಯುವ ಮಹಾಸಂಕಲ್ಪ ಅವರದು. ಆ ಕಾರ್ಯಕ್ಕೆ ನೆರವಾದ ಸಿಂಹಳದ ಕರುಣರತ್ನೆಯನ್ನು ಅವರು ಎರಡನೆಯ ಮದುವೆಯಾಗುತ್ತಾರೆ. ಮೊದಲ ಹೆಂಡತಿ ನಾಗಲಕ್ಷ್ಮಿ ಮತ್ತು ಮಗ ಪೃಥ್ವಿ ಹಿಂದೆ ಉಳಿಯುತ್ತಾರೆ. ಅವಳು ರಾಮನಾಮ ಬರೆಯುತ್ತ ದಿನ ನೂಕುತ್ತಾಳೆ. ಒಂದೇ ಮನೆತನದ ಇಬ್ಬರು, ಒಬ್ಬಳು ಪ್ರೇಮಕ್ಕಾಗಿ, ಒಬ್ಬರು ವಿದ್ವತ್ತಿಗಾಗಿ, ತಮ್ಮ ಮಕ್ಕಳಿಂದ ದೂರವಾದರು. ವ್ಯತ್ಯಾಸವಿಲ್ಲದಿಲ್ಲ: ರಾಯರ ಪತ್ನಿ ಬದುಕಿದ್ದಳು, ಕಾತ್ಯಾಯನಿಯ ಪತಿ ಸತ್ತಿದ್ದ. ನ್ಯಾಯವಾಗಿ ನೋಡಿದರೆ ಈ ವ್ಯತ್ಯಾಸ ಕಾತ್ಯಾಯನಿಯ ಪರವಾಗಿಯೇ ನಿಲ್ಲಬೇಕು. ಆದರೆ ಓದುಗರ ನೆನಪಿನಲ್ಲಿ ರಾಯರ ಸಾವು ವಿದ್ಯೆಗಾಗಿ ಮಾಡಿದ ಆತ್ಮಾರ್ಪಣೆಯಾಗಿ ನಿಲ್ಲುತ್ತದೆ, ಅವಳ ಸಾವು ಕರ್ಮಫಲವಾಗಿ. ಗ್ರಂಥರಚನೆಯ ಹಂಬಲ ಗಂಡಸಿಗೆ ದೊರಕಿಸಿಕೊಟ್ಟ ಕ್ಷಮೆಯನ್ನು ಬಾಳುವ ಹಂಬಲ ಹೆಣ್ಣಿಗೆ ದೊರಕಿಸಿಕೊಡಲಿಲ್ಲ.

ಈ ಅಸಮತೆಗೆ ಓದುಗನೊಬ್ಬನೇ ಹೊಣೆಯೆ? ಕೃತಿಯ ಕಟ್ಟಣೆಯೂ ಅವನನ್ನು ಆ ಕಡೆಗೆ ತಳ್ಳುತ್ತದೆ. ಗರ್ಭಪಾತಗಳ ಸರಣಿಯನ್ನು ಕಾದಂಬರಿಕಾರರು ದಂಡನೆಯೆಂದು ಎಲ್ಲಿಯೂ ಘೋಷಿಸುವುದಿಲ್ಲ ಎಂದು ವಾದಿಸಬಹುದು; ಪಾಪಪ್ರಜ್ಞೆ ಅವಳ ದೇಹವನ್ನು ತಿಂದಿತು ಎಂಬ ಮನಶ್ಶಾಸ್ತ್ರೀಯ ವಿವರಣೆಯೂ ಸಲ್ಲುತ್ತದೆ. ಆದರೂ ವಂಶವೇ ವಿಷಯವಾದ ಕೃತಿಯಲ್ಲಿ ವಂಶವನ್ನು ತೊರೆದವಳ ಗರ್ಭ ಮಾತ್ರ ಮತ್ತೆ ಮತ್ತೆ ಬರಿದಾಗುವಾಗ, ಅದನ್ನು ಆಕಸ್ಮಿಕವೆಂದು ಓದಿಕೊಳ್ಳುವುದು ಸುಲಭವಲ್ಲ. ಕಾದಂಬರಿಯ ಶಕ್ತಿಯನ್ನು ಒಪ್ಪುತ್ತಲೇ ಇಲ್ಲಿ ತಕ್ಕಡಿ ವಾಲಿದೆಯೆಂದು ಹೇಳಬೇಕಾಗುತ್ತದೆ.

ಹೈದರಾಬಾದಿನಲ್ಲಿ ಕನ್ನಡ ಓದುವವರಿಗೆ ಇದನ್ನು ಪರೀಕ್ಷಿಸಲು ಒಂದು ಅನುಕೂಲವಿದೆ. ಪಕ್ಕದಲ್ಲಿಯೇ ತೆಲುಗು ಸಾಹಿತ್ಯವಿದೆ. ಚಲಂ ಅವರ ‘ಮೈದಾನಂ’ನ ರಾಜೇಶ್ವರಿ ಗಂಡನನ್ನು ಬಿಟ್ಟು ಅಮೀರನೊಡನೆ ಹೊರಟುಹೋದವಳು, ಲೋಕದ ಲೆಕ್ಕದಲ್ಲಿ ಕಾತ್ಯಾಯನಿಗಿಂತ ಎಷ್ಟೋ ಪಾಲು ದೊಡ್ಡ ಅಪರಾಧಿ. ಆದರೆ ಆ ಕಥೆಯನ್ನು ಹೇಳುವವಳು ಅವಳೇ. ಓದುಗ ಅವಳನ್ನು ದ್ವೇಷಿಸಬಹುದು, ಆದರೆ ಅವಳ ಮಾತನ್ನು ಕೇಳಿಸಿಕೊಂಡ ಮೇಲೆ ದ್ವೇಷಿಸಬೇಕು. ‘ವಂಶವೃಕ್ಷ’ ಪ್ರಥಮಪುರುಷ ನಿರೂಪಣೆಯ ಕೃತಿ. ಕಾತ್ಯಾಯನಿಯ ಮನಸ್ಸಿನ ತೊಳಲಾಟಕ್ಕೆ ಅಲ್ಲಿ ಧಾರಾಳವಾದ ಜಾಗವಿದೆ, ಆದರೆ ಅಂತಿಮ ಗಾಂಭೀರ್ಯದ ದನಿ ಶ್ರೋತ್ರಿಯರದು. 1971ರ ಕನ್ನಡ ಚಿತ್ರವನ್ನಾಗಲಿ 1980ರಲ್ಲಿ ಬಾಪು ನಿರ್ದೇಶಿಸಿದ ತೆಲುಗು ‘ವಂಶವೃಕ್ಷಂ’ ಚಿತ್ರವನ್ನಾಗಲಿ ನೋಡಿದವರಿಗೆ ಬೇರೊಂದು ಅನುಭವವಾಗುತ್ತದೆ: ತೆರೆಯ ಮೇಲೆ ನಟಿಯ ಮುಖ ಎದುರಿಗಿರುವುದರಿಂದ ತೀರ್ಪು ಕೊಡುವ ಅವಸರ ಸ್ವಲ್ಪ ತಗ್ಗುತ್ತದೆ.

ಇಷ್ಟಾದರೂ ಕಾತ್ಯಾಯನಿಯಲ್ಲಿ ದೋಷವಿಲ್ಲವೆನ್ನುವಂತಿಲ್ಲ. ದೋಷ ಯಾವುದೆಂಬುದೇ ಪ್ರಶ್ನೆ. ಮರುವಿವಾಹವಂತೂ ಅಲ್ಲ. ಮಗನನ್ನು ಕರೆದೊಯ್ಯಲು ಅವಳು ನಂಜನಗೂಡಿಗೆ ಬಂದ ಪ್ರಸಂಗವನ್ನು ಗಮನಿಸಬೇಕು. ಶ್ರೋತ್ರಿಯರು ಬಲಪ್ರಯೋಗ ಮಾಡುವುದಿಲ್ಲ. ಮಗು ವಂಶಕ್ಕೆ ಸೇರಿದ್ದೆಂಬ ಧರ್ಮವನ್ನು ತಿಳಿಸಿ ನಿರ್ಣಯವನ್ನು ಅವಳಿಗೇ ಬಿಡುತ್ತಾರೆ. ಅವಳು ಬರಿಗೈಯಲ್ಲಿ ಹಿಂತಿರುಗುತ್ತಾಳೆ. ಶ್ರೋತ್ರಿಯರ ಮಾತು ಒಬ್ಬ ಮಡಿವಂತನ ಹಟವಲ್ಲ. ಬೀಜ ಮುಖ್ಯವೋ ಕ್ಷೇತ್ರ ಮುಖ್ಯವೋ ಎಂಬ ಚರ್ಚೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಷ್ಟು ಹಳೆಯದು; ವಿಧವೆಯರ ವಿವಾಹವನ್ನು ಸಕ್ರಮಗೊಳಿಸಿದ ಬ್ರಿಟಿಷರ 1856ರ ಕಾಯ್ದೆಯೂ ಮರುಮದುವೆಯಾದವಳು ಮೊದಲ ಗಂಡನ ಆಸ್ತಿಯ ಹಕ್ಕನ್ನು ಕಳೆದುಕೊಳ್ಳುವಳೆಂದಿತು, ಮಕ್ಕಳಿಗೆ ಬೇರೆ ಪಾಲಕರನ್ನು ನೇಮಿಸುವಂತೆ ತಂದೆಯ ಕಡೆಯ ಬಂಧುಗಳು ನ್ಯಾಯಾಲಯವನ್ನು ಕೇಳಲು ಅವಕಾಶವಿತ್ತಿತು. ಇಷ್ಟೆಲ್ಲ ಭಾರ ಒಂದು ಮೃದುವಾದ ಮಾತಿನ ಹಿಂದೆ ನಿಂತಿರುವಾಗ ಬಿಟ್ಟುಕೊಟ್ಟ ‘ನಿರ್ಣಯ’ ನಿಜವಾಗಿ ಎಷ್ಟು ಅವಳದು?

ಆದರೂ ಅವಳು ಸೋತದ್ದು ವಾದದಲ್ಲಿ ಮಾತ್ರವಲ್ಲ. ಶ್ರೋತ್ರಿಯರ ಮೌಲ್ಯಗಳನ್ನು ಅವಳು ಬಿಟ್ಟುಬಂದಳೇ ಹೊರತು ಅಲ್ಲಗಳೆಯಲಿಲ್ಲ. ಮಾವನ ದೃಷ್ಟಿಯಿಂದಲೇ ತನ್ನನ್ನು ನೋಡಿಕೊಳ್ಳುತ್ತ, ರಾಜನ ಮನೆಯನ್ನು ಪ್ರಾಯಶ್ಚಿತ್ತದ ಸ್ಥಳವನ್ನಾಗಿ ಮಾಡಿಕೊಂಡಳು. ಪ್ರೀತಿಸಿ ಕೈಹಿಡಿದವನು ತನ್ನ ತಪ್ಪೇನೂ ಇಲ್ಲದೆ ಅವಳ ಪಾಪಪ್ರಜ್ಞೆಯಲ್ಲಿ ಪಾಲುಗಾರನಾದ. ಚೀನಿಯನ್ನು ಬಿಟ್ಟಳು, ರಾಜನನ್ನೂ ಪೂರ್ಣವಾಗಿ ಸೇರಲಿಲ್ಲ. ಅವಳ ಮೇಲೆ ಹೊರಿಸಬಹುದಾದ ನಿಜವಾದ ದೂರು ಇದು. ವಿಚಿತ್ರವೆಂದರೆ ಅವಳನ್ನು ಇಷ್ಟಪಡದ ಓದುಗರು ಎತ್ತುವುದೇ ಇಲ್ಲದ ದೂರೂ ಇದೇ.

ಕಡೆಯ ಭಾಗದಲ್ಲಿ ಶ್ರೋತ್ರಿಯರಿಗೆ ತಮ್ಮ ಜನ್ಮರಹಸ್ಯ ತಿಳಿಯುತ್ತದೆ: ತಾವು ಕಾದುಕೊಂಡು ಬಂದ ವಂಶದ ರಕ್ತ ತಮ್ಮಲ್ಲಿಯೇ ಇಲ್ಲ. ಯಾವ ತತ್ತ್ವದ ಬಲದಿಂದ ಕಾತ್ಯಾಯನಿ ಬರಿಗೈಯಾದಳೋ ಆ ತತ್ತ್ವದ ನೆಲೆಯೇ ಕುಸಿದುಬೀಳುತ್ತದೆ. ಲೇಖಕರು ಅವಳಿಗೆ ಸಲ್ಲಿಸಿದ ನ್ಯಾಯ ಇದು, ತಡವಾಗಿ ಬಂದರೂ ಚಿಕ್ಕದಲ್ಲ. ಸಂನ್ಯಾಸಕ್ಕೆ ಹೊರಟ ಶ್ರೋತ್ರಿಯರು ಅವಳ ಸಾವಿನ ಹಾಸಿಗೆಯ ಬಳಿಗೆ ಬರುತ್ತಾರೆ. ಮೊಮ್ಮಗನಿಗೆ ತಾಯಿಯ ಉತ್ತರಕ್ರಿಯೆಯ ಕರ್ತವ್ಯವನ್ನು ವಿಧಿಸುತ್ತಾರೆ.

ಕಾತ್ಯಾಯನಿಯನ್ನು ದ್ವೇಷಿಸುವ ಹಕ್ಕು ಕಾದಂಬರಿಯೊಳಗೆ ಒಬ್ಬನಿಗೆ ಮಾತ್ರ ಇದೆ, ಅದು ಚೀನಿಗೆ. ತಾಯಿ ಬಿಟ್ಟುಹೋದದ್ದು ಅವನನ್ನು. ಅವನ ಮುನಿಸಿಗೆ ಯಾವ ಶಾಸ್ತ್ರದ ಬೆಂಬಲವೂ ಬೇಕಿಲ್ಲ. ಓದುಗನ ಅಪ್ರೀತಿಯಾದರೋ ಆ ಹುಡುಗನಿಂದ ಕಡ ತಂದದ್ದು. ಅವಳನ್ನು ತಾಯಿಯೆಂದು ಒಪ್ಪದಿದ್ದ ಆ ಮಗನಿಗೇ ಕೊನೆಗೆ ಅವಳ ಕರ್ಮಗಳನ್ನು ಮಾಡಬೇಕಾಗಿ ಬರುತ್ತದೆ, ಕ್ಷಮಿಸಿದನೋ ಇಲ್ಲವೋ ಎಂಬ ಪ್ರಶ್ನೆ ಇತ್ಯರ್ಥವಾಗುವುದಕ್ಕೆ ಮೊದಲೇ.