ಉಸಿರು ಸಿದ್ಧ, ಮೀನಖಂಡ ಇನ್ನೂ ಇಲ್ಲ

ಪ್ರಶ್ನೆ: ನನಗೆ 47 ವರ್ಷ, ಬ್ಯಾಂಕ್ ಉದ್ಯೋಗಿ. ಆರು ವರ್ಷಗಳಿಂದ ಕುಕ್ಕರಹಳ್ಳಿ ಕೆರೆಯ ಸುತ್ತ ಓಡುತ್ತಿದ್ದೇನೆ. ಎರಡು ಹಾಫ್ ಮ್ಯಾರಥಾನ್ ಮುಗಿಸಿದ್ದೇನೆ. ಜೂನ್‌ನಲ್ಲಿ ಒಂದು ಬೆಳಿಗ್ಗೆ ಜೋರಾಗಿ ಓಡುವಾಗ ಎಡಗಾಲಿನ ಮೀನಖಂಡಕ್ಕೆ ಯಾರೋ ಕಲ್ಲು ಹೊಡೆದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಸ್ಕ್ಯಾನ್ ಮಾಡಿಸಿದಾಗ ಸ್ನಾಯು ಸ್ವಲ್ಪ ಹರಿದಿದೆ ಎಂದರು. ಮೂರು ವಾರ ಸುಮ್ಮನಿದ್ದೆ, ನೋವು ಪೂರ್ತಿ ಹೋಯಿತು. ಓಡಿದೆ, ನಾಲ್ಕನೇ ಕಿಲೋಮೀಟರಿಗೆ ಮತ್ತೆ ಹಿಡಿಯಿತು. ಇನ್ನೂ ಎರಡು ವಾರ ಬಿಟ್ಟು ಓಡಿದರೂ ಅದೇ ಕಥೆ. ಅಭ್ಯಾಸ ತಪ್ಪಬಾರದೆಂದು ಈಗ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೇನೆ. ಏಳು ವಾರದಲ್ಲಿ ಹಾಫ್ ಮ್ಯಾರಥಾನ್ ಇದೆ, ದುಡ್ಡೂ ಕಟ್ಟಿಯಾಗಿದೆ. ಮನೆಯವಳು ‘ಈ ವಯಸ್ಸಿಗೆ ವಾಕಿಂಗ್ ಸಾಕು’ ಅನ್ನುತ್ತಾಳೆ. ನನ್ನ ಓಟ ಮುಗಿಯಿತೇ?
– ಹೆಸರು ಬೇಡ, ಮೈಸೂರು

ಉತ್ತರ: ಮುಗಿದಿಲ್ಲ. ಆದರೆ ಏಳು ವಾರದ ಆ ಓಟ ಈ ಸಲ ಬೇಡ. ನೀವು ಮೊದಲು ಹುಡುಕುವುದು ಈ ಎರಡು ಉತ್ತರಗಳನ್ನೇ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಇನ್ನು ಕಾರಣ ಕೇಳಿ.

ಮೀನಖಂಡ ಒಂದೇ ಸ್ನಾಯುವಲ್ಲ. ಹೊರಗೆ ಉಬ್ಬಿ ಕಾಣುವುದು ಗ್ಯಾಸ್ಟ್ರಾಕ್ನೀಮಿಯಸ್. ಅದು ಮಂಡಿಯ ಮೇಲಿಂದಲೇ ಶುರುವಾಗುತ್ತದೆ. ಅದರ ಅಡಿಯಲ್ಲಿ ಚಪ್ಪಟೆಯಾಗಿ ಕೂತಿರುವುದು ಸೋಲಿಯಸ್. ಎರಡೂ ಕೆಳಗೆ ಅಕಿಲಿಸ್ ಸ್ನಾಯುರಜ್ಜುವಾಗಿ ಕೂಡಿ ಹಿಮ್ಮಡಿಗೆ ಅಂಟುತ್ತವೆ. ವೇಗದ ಓಟದಲ್ಲಿ, ಕಲ್ಲು ಹೊಡೆದಂತೆ, ಒಂದೇ ಕ್ಷಣದಲ್ಲಿ ಆಗುವ ಪೆಟ್ಟು ಸಾಮಾನ್ಯವಾಗಿ ಹೊರಗಿನದರದ್ದು. ಸೋಲಿಯಸ್ ಹಾಗಲ್ಲ, ಮೊದಲು ಬಿಗಿತ, ಆಮೇಲೆ ಮಂದ ನೋವು, ಕೊನೆಗೆ ಓಡಲಾಗದ ಸ್ಥಿತಿ. ದೂರದ ಓಟದಲ್ಲಿ ಹೆಚ್ಚು ದುಡಿಯುವುದೂ ಅದೇ. ಹಾಗಾಗಿ ಎರಡನ್ನೂ ಕಟ್ಟಿ ಬೆಳೆಸಬೇಕು.

ಈಗ ಲೆಕ್ಕಕ್ಕೆ ಬನ್ನಿ. ನಿಧಾನದ ಓಟದಲ್ಲಿ ಒಂದು ಕಿಲೋಮೀಟರಿಗೆ ಒಂದೊಂದು ಕಾಲೂ ಸುಮಾರು 500 ಸಲ ನೆಲ ಒದೆಯುತ್ತದೆ. ಹಾಫ್ ಮ್ಯಾರಥಾನ್ ಎಂದರೆ 10,000ಕ್ಕೂ ಹೆಚ್ಚು. ಪ್ರತಿ ಒದೆತದಲ್ಲೂ ಮೀನಖಂಡದ ಮೇಲೆ ಬೀಳುವ ಬಲ ನಿಮ್ಮ ತೂಕದ ಹಲವು ಪಟ್ಟು. ಮೂರು ವಾರ ಸುಮ್ಮನಿದ್ದಾಗ ಹರಿದ ಜಾಗ ಕೂಡಿಕೊಳ್ಳುತ್ತಾ ಬಂತು, ನಿಜ. ಆದರೆ ಅದೇ ಮೂರು ವಾರದಲ್ಲಿ ಸ್ನಾಯು ಸೊರಗಿತು. ಆರು ವರ್ಷ ಓಡಿದ ಹೃದಯ, ಶ್ವಾಸಕೋಶಗಳ ಶಕ್ತಿ ಅಷ್ಟರಲ್ಲಿ ಹೆಚ್ಚೇನೂ ಕುಗ್ಗಿರಲಿಲ್ಲ. ಉಸಿರು ‘ನಡಿ’ ಎಂದಿತು, ಮನಸ್ಸು ಹಳೆಯ ವೇಗ ಹಿಡಿಯಿತು. ಸುಮಾರು 2,000 ಒದೆತಗಳ ಹೊತ್ತಿಗೆ ಕಾಲು ಕೈಕೊಟ್ಟಿತು. ನಿಮ್ಮ ‘ನಾಲ್ಕನೇ ಕಿಲೋಮೀಟರ್’ ಅದೇ. ನೋವು ಹೋಗುವುದು ಗಾಯ ಮಾಯುತ್ತಿದೆ ಎಂಬುದಕ್ಕೆ ಗುರುತು, ಬಲ ಬಂದಿದೆ ಎಂಬುದಕ್ಕಲ್ಲ. ಎರಡು ಸಲವೂ ನೀವು ಕ್ಯಾಲೆಂಡರ್ ನೋಡಿ ಓಡಿದಿರಿ. ಈ ಸಲ ಕಾಲನ್ನು ಕೇಳಿ ಓಡಿ.

ಮೊದಲಿಗೆ ಬೆಟ್ಟದ ಮೆಟ್ಟಿಲು ಬಿಡಿ. ಓಡುತ್ತಿಲ್ಲವಲ್ಲ ಎಂಬ ಸಮಾಧಾನ ನಿಮಗೆ, ಆದರೆ ಮುಂಗಾಲೂರಿ ಮೇಲೇರುವಾಗ ಇಡೀ ಮೈಯನ್ನು ಎತ್ತುವುದು ಅದೇ ಮೀನಖಂಡ. ತಾಯಿಗೆ ಹರಕೆಯೇ ಇದ್ದರೆ ಸದ್ಯಕ್ಕೆ ಬಸ್ಸಿನಲ್ಲಿ ಹೋಗಿ ಬನ್ನಿ. ಹಾಗೆಂದು ಮತ್ತೆ ಹಾಸಿಗೆ ಹಿಡಿಯುವುದೂ ಬೇಡ. ಸಮತಟ್ಟಾದ ದಾರಿಯಲ್ಲಿ ಬಿರುಸು ನಡಿಗೆ, ಸೈಕಲ್, ಈಜು, ನೋವಾಗದಿದ್ದರೆ ಎಲ್ಲವೂ ಸರಿ.

ಔಷಧಿ ಎಂದರೆ ಹಿಮ್ಮಡಿ ಎತ್ತುವ ವ್ಯಾಯಾಮ. ಅಡುಗೆಮನೆಯ ಕಟ್ಟೆಗೆ ಬೆರಳು ತಾಗಿಸಿ ನಿಂತು ಎರಡೂ ಹಿಮ್ಮಡಿ ನಿಧಾನವಾಗಿ ಎತ್ತಿ, ಇನ್ನೂ ನಿಧಾನವಾಗಿ ಇಳಿಸಿ. ಅದು ಸಲೀಸಾದ ಮೇಲೆ ಒಂಟಿ ಕಾಲಲ್ಲಿ. ಅರ್ಧದಷ್ಟು ಸಲ ಮಂಡಿ ನೇರವಿಟ್ಟು, ಇನ್ನರ್ಧ ಸಲ ಮಂಡಿ ಸ್ವಲ್ಪ ಬಗ್ಗಿಸಿ ಮಾಡಿ. ಮಂಡಿ ಬಗ್ಗಿದಾಗ ಭಾರ ಸೋಲಿಯಸ್ ಮೇಲೆ ಬೀಳುತ್ತದೆ. ಬಿಡುವಿಲ್ಲ ಎನ್ನಬೇಡಿ, ಹಾಲು ಕಾಯುವಷ್ಟು ಹೊತ್ತು ಸಾಕು. ಒಂಟಿ ಕಾಲಲ್ಲಿ ಸುಲಭವಾದಾಗ ಬೆನ್ನುಚೀಲದಲ್ಲಿ ಐದು ಕಿಲೋ ಅಕ್ಕಿ ಇಟ್ಟುಕೊಳ್ಳಿ, ದಿನ ಬಿಟ್ಟು ದಿನ ಮಾಡಿ. ಹರಿದ ಜಾಗವನ್ನು ಬಲವಾಗಿ ಎಳೆಯುವ, ತಿಕ್ಕಿಸಿಕೊಳ್ಳುವ ಆಸೆ ಬೇಡ. ಅದಕ್ಕೆ ಬೇಕಿರುವುದು ದುಡಿಮೆ.

ಮತ್ತೆ ಓಡುವುದಕ್ಕೆ ಮುಂಚೆ ನಾಲ್ಕು ಪರೀಕ್ಷೆ. ಅರ್ಧ ಗಂಟೆ ಬಿರುಸಾಗಿ ನಡೆದರೂ ನೋವಿರಬಾರದು. ಎಡಗಾಲೊಂದರಲ್ಲೇ 25 ಸಲ ಹಿಮ್ಮಡಿ ಪೂರ್ತಿ ಮೇಲೆತ್ತಲು ಆಗಬೇಕು. ಆ ಸಂಖ್ಯೆ ಬಲಗಾಲಿನದಕ್ಕೆ ಹೆಚ್ಚುಕಡಿಮೆ ಸಮನಿರಬೇಕು. ಕುಂಟೆಬಿಲ್ಲೆಯ ಹಾಗೆ ಎಡಗಾಲಲ್ಲಿ 20 ಸಲ ಕುಪ್ಪಳಿಸಿದರೂ ಚುಳುಕ್ ಎನ್ನಬಾರದು. ಇವು ಎರಡು ವಾರದಲ್ಲಿ ಆಗಬಹುದು, ಆರು ವಾರವೂ ಹಿಡಿಯಬಹುದು.

ಪಾಸಾದಿರೋ, ಮೊದಲ ದಿನ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಕೆರೆಯ ಗೆಳೆಯರು ಮುಂದೆ ಸಾಗುವಾಗ ನಡೆಯುವುದಕ್ಕೆ ನಾಚಿಕೆಯಾಗುತ್ತದೆ, ಗೊತ್ತು. ಹಾಗಿದ್ದರೆ ಕೆಲವು ದಿನ ಒಬ್ಬರೇ ಹೋಗಿ. ನಡುವೆ ಒಂದು ದಿನ ಬಿಡುವಿರಲಿ, ಏಕೆಂದರೆ ಮೀನಖಂಡ ದೂರು ಹೇಳುವುದು ಮಾರನೇ ದಿನ. ಬೆಳಿಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹತ್ತು ಹೆಜ್ಜೆಯೇ ನ್ಯಾಯಾಧೀಶ. ಅಲ್ಲಿ ಬಿಗಿತ ಹೆಚ್ಚಿದ್ದರೆ ಮುಂದಿನ ಓಟ ಮುಂದೂಡಿ. ಓಡುವಾಗ ಕಾಲು ಹಿಡಿದಂತಾದರೆ ಅಲ್ಲೇ ನಿಂತು ನಡೆದು ಮನೆಗೆ ಬನ್ನಿ. ‘ಈ ಸುತ್ತು ಮುಗಿಸಿಬಿಡೋಣ’ ಎಂಬ ಹಟವೇ ಒಂದು ವಾರದ ತೊಂದರೆಯನ್ನು ಆರು ವಾರಕ್ಕೆ ಎಳೆಯುವುದು. ಮೊದಲು ನಿಮಿಷ ಹೆಚ್ಚಲಿ, ಆಮೇಲೆ ದೂರ, ಆಮೇಲೆ ವೇಗ, ಎಲ್ಲಕ್ಕಿಂತ ಕೊನೆಗೆ ಏರು. ಎರಡನ್ನು ಒಟ್ಟಿಗೆ ಹೆಚ್ಚಿಸಬೇಡಿ. ಇದೇ ಸಮಯಕ್ಕೆ ಹಿಮ್ಮಡಿ ತೆಳುವಾದ ಹೊಸ ಶೂ ಕೊಳ್ಳುವುದು, ವಿಡಿಯೊ ನೋಡಿ ಮುಂಗಾಲಲ್ಲಿ ಓಡಲು ಕಲಿಯುವುದು ಕೂಡ ಬೇಡ; ಎರಡೂ ಮೀನಖಂಡದ ಹೊರೆ ಹೆಚ್ಚಿಸುತ್ತವೆ.

ಒಂದು ಎಚ್ಚರಿಕೆ. ಕಾಲು ಊದಿ, ಬಿಸಿಯಾಗಿ, ಸುಮ್ಮನೆ ಕೂತಿದ್ದರೂ ನೋಯುತ್ತಿದ್ದರೆ ಅದನ್ನು ಓಟದ ನೋವೆಂದು ತಳ್ಳಿಹಾಕಬೇಡಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. ಜೊತೆಗೆ ಉಸಿರಾಟಕ್ಕೆ ಕಷ್ಟವಾದರೆ, ಎದೆ ನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಹಿಮ್ಮಡಿಯ ಮೇಲ್ಭಾಗದಲ್ಲಿ ‘ಟಪ್’ ಎಂದಂತಾಗಿ ಕಾಲ್ಬೆರಳ ಮೇಲೆ ನಿಲ್ಲಲೇ ಆಗದಿದ್ದರೆ ಸ್ನಾಯುರಜ್ಜು ಕಡಿದಿರಬಹುದು, ಅದಕ್ಕೂ ತಡ ಮಾಡಬಾರದು.

ಇನ್ನು ವಯಸ್ಸಿನ ಮಾತು. ನಿಮ್ಮ ಮನೆಯವರು ಪೂರ್ತಿ ತಪ್ಪು ಹೇಳಿಲ್ಲ. ನಲವತ್ತು ದಾಟಿದವರಲ್ಲಿ, ಅದರಲ್ಲೂ ಒಮ್ಮೆ ಪೆಟ್ಟಾದವರಲ್ಲಿ, ಮೀನಖಂಡ ಮತ್ತೆ ಹರಿಯುವ ಸಾಧ್ಯತೆ ಹೆಚ್ಚು. ಆದರೆ ಅದಕ್ಕೆ ಪರಿಹಾರ ಓಟ ಬಿಡುವುದಲ್ಲ, ಓಟ ಶುರುವಾದ ಮೇಲೂ ವಾರಕ್ಕೆರಡು ದಿನ ಆ ಅಕ್ಕಿಚೀಲ ಹೊರುವುದು. ಇಪ್ಪತ್ತೈದರ ಹುಡುಗ ಅದನ್ನು ಬಿಟ್ಟರೂ ನಡೆದೀತು. ನೀವು ಬಿಡುವಂತಿಲ್ಲ.

ಕಟ್ಟಿದ ದುಡ್ಡಿನ ಚಿಂತೆ ಬಿಡಿ. ಆ ದಿನ ಗೆಳೆಯರಿಗೆ ದಾರಿಯಲ್ಲಿ ನಿಂತು ನೀರು ಕೊಡಿ.

ನಾಳೆ ಬೆಳಿಗ್ಗೆ ನೋವಾಗದಷ್ಟು ಮಾತ್ರ ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ನೋಡಿ, ಎರಡೂ ಕಾಲಿನ ಸಂಖ್ಯೆ ಕ್ಯಾಲೆಂಡರಿನ ಮೇಲೆ ಬರೆದಿಡಿ. ಎಣಿಸುವ ಕೆಲಸ ಮನೆಯವರಿಗೆ ಕೊಡಿ. ನೀವು ಬ್ಯಾಂಕಿನವರೇ ಇರಬಹುದು, ಆದರೆ ಸ್ವಂತ ಕಾಲಿನ ಲೆಕ್ಕದಲ್ಲಿ ಎಲ್ಲರೂ ಸ್ವಲ್ಪ ಉದಾರಿಗಳೇ. ಉಳಿದ ಪರೀಕ್ಷೆಗಳೂ ಪಾಸಾಗಿ, ಎಡದ ಸಂಖ್ಯೆ ಬಲದ ಸಂಖ್ಯೆಯನ್ನು ಮುಟ್ಟಿದೆ ಎಂದು ಅವರೇ ಹೇಳಿದ ದಿನ ಶೂ ಕಟ್ಟಿ.