ಗಣಕಯಂತ್ರದ ಧ್ವನಿ ಏಕೆ ತಡವರಿಸುತ್ತದೆ?

ಭೇರ್ಯದ ನಮ್ಮ ಮನೆಯಲ್ಲಿ 1990ರ ದಶಕದ ಗಣಕಯಂತ್ರವೊಂದಿದೆ. ಮತ್ತೊಂದು ಯಂತ್ರದೊಡನೆ ಸೇರಿಸಲೆಂದು ಅದಕ್ಕೆ ನೆಟ್‌ವರ್ಕ್ ಕಾರ್ಡನ್ನು ಜೋಡಿಸಿದ ದಿನವೇ ಹಾಡು ಕೆಟ್ಟಿತು. ಒಂದೇ ತುಣುಕು ಮತ್ತೆ ಮತ್ತೆ ನುಡಿಯತೊಡಗಿತು. ಸೌಂಡ್ ಕಾರ್ಡು ಸುಟ್ಟಿತೆಂದು ಬಗೆದು ಅದನ್ನು ಬಿಸುಡಲು ಹೊರಟಿದ್ದೆವು. ಆದರೆ ಆ ಪುನರಾವೃತ್ತಿಯೇ ರೋಗದ ಕುರುಹು.

ಸ್ಮೃತಿಯ ಸಣ್ಣದೊಂದು ಭಾಗದಲ್ಲಿ ತುಂಬಿಟ್ಟ ಧ್ವನಿಯನ್ನು ಈ ಕಾರ್ಡು ನುಡಿಸುತ್ತದೆ; ಅದು ಮುಗಿಯುತ್ತಲೆ, ಇಂಟರಪ್ಟ್ ಎಂಬ ಕರೆತಂತಿಯ ಮೂಲಕ ಪ್ರೊಸೆಸರನ್ನು ಎಚ್ಚರಿಸುತ್ತದೆ. ಕರೆ ಮುಟ್ಟದಿದ್ದರೆ ಹೊಸ ಧ್ವನಿ ಬಾರದು, ಹಳೆಯದೇ ಸುತ್ತುತ್ತಿರುತ್ತದೆ. 1981ರ ಐಬಿಎಂ ಪಿಸಿಯಲ್ಲಿ ಇಂಥ ತಂತಿಗಳು 8. 1984ರ ಎಟಿ ಮಾದರಿಯಲ್ಲಿ ಬಳಕೆಗೆ ಒದಗುವವು 15. ಗಡಿಯಾರ, ಕೀಲಿಮಣೆ, ಡಿಸ್ಕುಗಳು ಹಲವನ್ನು ಮೊದಲೇ ಹಿಡಿದಿರುತ್ತವೆ. ಹಳೆಯ ಐಎಸ್‌ಎ ಕಾರ್ಡುಗಳಾದರೋ ಒಂದೇ ತಂತಿಯನ್ನು ನೆಮ್ಮದಿಯಾಗಿ ಹಂಚಿಕೊಳ್ಳಲಾರವು. ನಮ್ಮಲ್ಲಿ ಎರಡೂ 5ನೆಯದನ್ನೇ ಹಿಡಿದಿದ್ದವು. ಮುಂದೆ ಬಂದ ಪಿಸಿಐ ಕಾರ್ಡುಗಳಿಗೆ ಈ ಹಂಚಿಕೆ ಸಾಧ್ಯವಾಯಿತು.

ಇಂಥಲ್ಲಿ ವಿದ್ಯುತ್ತನ್ನು ಕಡಿದು, ಹೊಸದಾಗಿ ಬಂದ ಕಾರ್ಡನ್ನು ತೆಗೆದುನೋಡಬೇಕು. ಹಾಡು ಸರಿಹೋದರೆ ಜಗಳ ಯಾರ ನಡುವೆ ಎಂಬುದು ಗೊತ್ತಾಗುತ್ತದೆ. ನಾವು ನೆಟ್‌ವರ್ಕ್ ಕಾರ್ಡಿನ ಜಂಪರನ್ನು ಬದಲಿಸಿ, ಬರಿದಾಗಿದ್ದ 10ನೆಯ ತಂತಿಗೆ ಅದನ್ನು ಒಯ್ದೆವು. ಅದರ ಡ್ರೈವರಿಗೂ ಈ ಹೊಸ ಸಂಖ್ಯೆಯನ್ನು ತಿಳಿಸಬೇಕು. ಇದನ್ನು ಮರೆತು ಒಂದು ಸಂಜೆಯನ್ನೇ ಕಳೆದೆವು.